ಸರ್ಕಾರಿ ಗಿಡ, ಬೋಳು ಕುರಿ

ಸುಳಕೂಡದ ಮಲ್ಲಾರಿಗೆ ಗಿಡದ ಹುಚ್ಚು ಹಿಡಿದದ್ದು ಸರ್ಕಾರದ ದಯೆಯಿಂದ. ಸ್ವಂತ ಹೊಲದಲ್ಲಿ ಸುಬಾಬುಲ್ ಹಚ್ಚಿದರೆ ಸಸಿ ಪುಕ್ಕಟೆ, ಬದುಕಿ ಉಳಿದ ಗಿಡಕ್ಕೆ ಅನುದಾನ ಬೇರೆ ಎಂದು ಸಾಮಾಜಿಕ ಅರಣ್ಯ ಇಲಾಖೆಯ ಆಬಾಸಾಹೇಬರು ಹೇಳಿದ್ದೇ ತಡ, ತಲೆತಲಾಂತರದಿಂದ ಕುರಿ ಕಾಯ್ದ ಮನೆತನದ ಈ ಕುಡಿ ತನ್ನ ಗುಡ್ಡದ ಹೊಲಕ್ಕೆ ಮುಳ್ಳುಬೇಲಿ ಬಡಿದು ಕುರಿಗಳಿಗೆ ಪ್ರವೇಶ ನಿಷೇಧಿಸಿದ. ಗಂಡ ಗಿಡ ಕಾಯುತ್ತ ಕೂತಮೇಲೆ ಕುರಿ ಕಾಯುವ ಕೆಲಸ ಹೆಂಡತಿ ತಾರವ್ವನ ಕೊರಳಿಗೆ ಬಿತ್ತು.

"ನಮ್ಮ ಹೊಲದಾಗ ನಮ್ಮ ಕುರಿ ಮೇಯಬಾರದಂದ್ರ ಎಲ್ಲಿ ಮೇಯಬೇಕ್ರಿ? ಇಚಲಕರಂಜಿ ಮಗ್ಗದ ಶೆಡ್ಡಿನಾಗ?"

"ಏ, ಅವು ಬರೇ ಗಿಡಾ ಅಲ್ಲ. ಸರ್ಕಾರದ ಅಳಿಯಂದಿರು."

"ಹೌದ್ರಿ. ಖರೇ ಅಳಿಯಗ ಕಂಬಳಿ ಕೊಡೂದು ನೆನಪೈತೇನು?"

ಮಗಳು ಛಾಯಾಳನ್ನು ಇಚಲಕರಂಜಿಗೆ ಕೊಟ್ಟಿದ್ದರು. ಅಲ್ಲಿ ಬೀಗಿತ್ತಿ ಮಾತುಮಾತಿಗೂ ತಮ್ಮ ಮಗ್ಗದ ಬಟ್ಟೆಯ ಜಂಬ ಕೊಚ್ಚುತ್ತಿದ್ದಳು. ಅವಳ ಬಾಯಿ ಮುಚ್ಚಿಸಲು ತಾರವ್ವ, ದೀಪಾವಳಿಗೆ ಸ್ವಂತ ಕುರಿಯ ಉಣ್ಣೆಯ ಕಂಬಳಿ ತರುತ್ತೇನೆಂದು ನಾಲ್ಕು ಜನರೆದುರು ಸಾರಿ ಬಂದಿದ್ದಳು. ಉಣ್ಣೆಗೆ ಹಸಿ ಮೇವು ಬೇಕು. ಹಸಿ ಮೇವೆಲ್ಲ ಬೇಲಿಯೊಳಗೆ. ಮಧ್ಯಾಹ್ನ ಗಂಡನ ಗೊರಕೆ ಕೇಳಿಸತೊಡಗಿದೊಡನೆ ಅವಳು ಕುಡುಗೋಲು ಹಿಡಿದು ಒಳಹೊಕ್ಕು, ಗಿಡಗಳ ತಲೆ ಸವರಿ, ಸೊಪ್ಪನ್ನು ಕುರಿಗಳಿಗೆ ಹಾಕತೊಡಗಿದಳು. (ಗಿಡ ಮತ್ತೆ ಇಮ್ಮಡಿ ಚಿಗುರುತ್ತಿತ್ತು. ಮಲ್ಲಾರಿ ಅದನ್ನು ತನ್ನ ಕೈಗುಣವೆಂದುಕೊಂಡ.)

ಶ್ರಾವಣ ಮುಗಿಯುವಷ್ಟರಲ್ಲಿ ಉಣ್ಣೆ ಉದುರತೊಡಗಿತು. ಮುಟ್ಟಿದರೆ ಕೈತುಂಬ ಬರುತ್ತಿತ್ತು. ಇಡೀ ಹಿಂಡು ಮುಡಿ ಕೊಟ್ಟು ಬಂದ ಭಕ್ತಮಂಡಳಿಯಂತೆ ಕಾಣುತ್ತಿತ್ತು.

"ಕುರಿ ಕಾಯೂ ಬೀರದೇವ ಸಿಟ್ಟಾಗ್ಯಾನ!" ತಾರವ್ವ ತೀರ್ಪು ಕೊಟ್ಟಳು. "ದೇವರು ಕೊಟ್ಟ ಕುರಿ ಹೊರಗ ಹಾಕಿ ಸರ್ಕಾರದ ಗಿಡಾ ಒಳಗ ತಂದ್ರಿ. ಉಣ್ಣೆ ತಿರುಗಿ ಬರೂತನಾ ಪಾಪಾ ಮಾಡಿದಾವ್ರು ಬರಿಗಾಲಿನಾಗ ಇರಬೇಕು."

"ಬರಿಗಾಲಿನಾಗ? ಆ ಮುಳ್ಳಿನ ಹೊಲದಾಗ?"

"ಮುಳ್ಳ ತಂದು ಹಾಕಿದಾವ್ರು ಯಾರ್ರಿ?"

ಅವನ ಚಪ್ಪಲಿಗಳನ್ನು, ಆ ಚರ್ಮದ ಕಾಲ್ಮರಿಗಳನ್ನು, ಅವಳೇ ಅಟ್ಟಕ್ಕೆ ಎಸೆದಳು. ಮಲ್ಲಾರಿ ದಿನವೂ ಸಂಜೆ ಅಂಗಳದಲ್ಲಿ ಕೂತು, ಅಂಗಾಲಿನ ಮುಳ್ಳು ಕೀಳುತ್ತ ದೇವರ ಕ್ಷಮೆ ಕೇಳತೊಡಗಿದ.

ಹೀಗಿರುವಾಗ ಆಬಾಸಾಹೇಬರು ತಪಾಸಣೆಗೆ ಬಂದರು. ಗಿಡ ನೋಡಿ ದಂಗಾದರು.

"ಇಂಥಾ ದಟ್ಟ ಗಿಡಾ ನಾ ಎಲ್ಲೂ ನೋಡಿಲ್ಲ. ತಲಿ ಸವರಿದ್ದಕ್ಕ ಹೆಂಗ ಟೊಂಗಿ ಒಡದಾವ ನೋಡ್ರಿ! ಯಾರು ಕಲಿಸಿದ್ರು, ಮಲ್ಲಾರಿ?"

ತಲೆ ಸವರಿದ ವಿಷಯ ಮಲ್ಲಾರಿಗೆ ತಿಳಿದದ್ದೇ ಆಗ. ಆದರೂ ಮೀಸೆ ತಿರುವಿದ. "ಕಲಸೂದೇನ್ರಿ ಸಾಹೇಬ್ರ, ದಿನಾ ಒಂದೀಟು ಕೈಯಾಡಸ್ತಿದ್ನಿ."

ತಾರವ್ವ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಗಂಡನ ಮೀಸೆ ಸುಮ್ಮನಿರಗೊಡಲಿಲ್ಲ.

"ಇವ್ರಾ? ಗಿಡದ ನೆರಳಾಗ ಗೊರಕಿ ಹೊಡಿಯೂ ಮನಿಷ್ಯಾರೀ ಇವ್ರು! ದಿನಾ ಕುಡುಗೋಲು ಹಿಡದಾಕಿ ನಾನು!"

"ವ್ಹಾ, ತಾರವ್ವ ವಹಿನಿ! ಮತ್ತ ಅಷ್ಟೆಲ್ಲಾ ಸೊಪ್ಪು ಏನ ಮಾಡಿದ್ರಿ?"

ತಾರವ್ವನ ದನಿ ಕೇಳಿದ ಕುರಿಗಳು, ಮಧ್ಯಾಹ್ನದ ಊಟ ಬಂತೆಂದು, ಬೇಲಿಯಾಚೆ ಬೋಳು ಮೈ ಒತ್ತಿಕೊಂಡು ಒಟ್ಟಿಗೆ ಅರಚಿದವು.

ಆಬಾಸಾಹೇಬರು ಕುರಿಗಳನ್ನು ನೋಡಿದರು. "ಅರೆರೆ! ಈ ಸೊಪ್ಪು ಹೊಟ್ಟಿತುಂಬ ತಿಂದ್ರ ಉಣ್ಣೆ ಉದರತೈತ್ರಿ. ಇವತ್ತs ನಿಲ್ಲಸ್ರಿ, ತಿರುಗಿ ಬರತೈತಿ. ಆದ್ರ ದೀಪಾವಳಿ ದಾಟತೈತಿ ನೋಡ್ರಿ."

ಮಲ್ಲಾರಿ ನೆಟ್ಟಗೆ ಮನೆಗೆ ನಡೆದ. ಅಟ್ಟ ಹತ್ತಿ ಕಾಲ್ಮರಿ ಇಳಿಸಿ, ಧೂಳು ಝಾಡಿಸಿ, ಸಾವಕಾಶವಾಗಿ ಮೆಟ್ಟಿಕೊಂಡ. ಆಮೇಲೆ ಹಿಂದೆಯೇ ಬಂದಿದ್ದ ಹೆಂಡತಿಯ ಪಾದಗಳತ್ತ ನೋಡಿದ.

"ಛಾಯಾನ ಅವ್ವಾ, ದೇವರ ಹರಕಿ ಅರ್ಧಕ್ಕ ಬಿಡಬಾರದು. ಕಾಲ್ಮರಿ ಬಿಚ್ಚು. ಇಚಲಕರಂಜಿಗೂ ಹಂಗs ಹೋಗೂಣು. ಬೀಗಿತ್ತಿ ಕಂಬಳಿ ಎಲ್ಲಿ ಅಂದ್ರ, ಪಾದಾ ತೋರಸಿದ್ರಾತು."