ಕೇಕ್ ಮಾಸ್ತರರ ಸಕ್ಕರೆ ಪಹರೆ

“ಇವತ್ತಿನಿಂದ ನಿನ್ನ ಪಥ್ಯಕ್ಕೆ ನಾನೇ ಸೇನಾಧಿಪತಿ! ನನ್ನ ಕಣ್ಣು ತಪ್ಪಿಸಿ ಒಂದು ಹರಳು ಸಕ್ಕರೆಯೂ ಈ ಹೊಸ್ತಿಲು ದಾಟಕೂಡದು!” ಎಂದು ಕೇಕ್ ಮಾಸ್ತರರು ಗುಡುಗಿದರು.

ಬೇಕರಿಯಲ್ಲಿ ಕೇಕಿನ ಮೇಲೆ ಸಕ್ಕರೆಯ ಹೂ ಅರಳಿಸುವ ಕಲಾವಿದರು ಅವರು. ಬಸುರಿ ಹೆಂಡತಿಗೆ ಸಕ್ಕರೆ ಕಾಯಿಲೆ ತಲೆದೋರಿತ್ತು. “ಊಟದಲ್ಲೇ ಹತೋಟಿಗೆ ತನ್ನಿ. ಬರದಿದ್ದರೆ ಇನ್ಸುಲಿನ್ ಚುಚ್ಚಬೇಕಾಗುತ್ತದೆ” ಎಂದಿದ್ದರು ಡಾಕ್ಟರಮ್ಮ. ಬೆರಳಿಗೆ ಸೂಜಿ ತಾಕಿಸುವುದಕ್ಕೇ ಕಣ್ಣು ಮುಚ್ಚಿಕೊಳ್ಳುವ ಹೆಂಡತಿಗೆ ಅದನ್ನು ನೆನೆದರೇ ನಡುಕ!

ಆದ್ದರಿಂದ ದಿನಾ ಬೆರಳು ಚುಚ್ಚಿ ಸಕ್ಕರೆ ಅಳೆಯುವ ಕೆಲಸವೂ ಸೇನಾಧಿಪತಿಗಳದೇ. ಅವಳ ಊಟವಾದ ಎರಡು ತಾಸಿಗೆ ಸರಿಯಾಗಿ ಬೇಕರಿಯಿಂದ ಓಡಿಬಂದು, ಬೆರಳು ಹಿಡಿದು, ಚುಚ್ಚಿ, ಹಿಂಡಿ, ಯಂತ್ರಕ್ಕೆ ರಕ್ತದ ಹನಿ ಮುಟ್ಟಿಸಿದರು. ಅಂಕಿ ಆಕಾಶಕ್ಕೇರಿತು!

“ಏನು ತಿಂದೆ? ನಿಜ ಹೇಳು!”

“ಸೊಪ್ಪು, ಬೇಳೆ, ಒಂದು ಹಿಡಿ ಅನ್ನ. ಹಸಿವಿಗೆ ತಟ್ಟೆಯನ್ನೂ ಕಡಿಯೋಣ ಅಂದ್ಕೊಂಡೆ ರೀ. ಡಾಕ್ಟರಮ್ಮ ಒಪ್ತಾರೋ ಇಲ್ವೋ ಅಂತ ಬಿಟ್ಟೆ!”

ಮರುದಿನವೂ ಅದೇ ಕಥೆ. ಮಾಸ್ತರರು ಸಕ್ಕರೆ ಡಬ್ಬಕ್ಕೆ ಬೀಗ ಜಡಿದರು. ಬಾಳೆಹಣ್ಣನ್ನು ಪಕ್ಕದ ಮನೆಗೆ ಗಡೀಪಾರು ಮಾಡಿದರು. ದಿಂಬುಗಳನ್ನು ಮೂಸಿ ನೋಡಿದರು. ಕೊನೆಗೆ ತಾಯಿಯ ಕಡೆ ತಿರುಗಿದರು.

“ಅಮ್ಮಾ, ಸೊಸೆ ಮೇಲಿನ ಅಕ್ಕರೆಗೆ ಏನಾದ್ರೂ ಗುಟ್ಟಾಗಿ...”

“ಹೆತ್ತವಳ ಮೇಲೇ ಗುಮಾನಿಯೇನೋ? ಮೂಸು, ನನ್ನ ಸೆರಗನ್ನೂ ಮೂಸು!”

ನಾಳೆ ಡಾಕ್ಟರಮ್ಮನ ಭೇಟಿ. ಯಂತ್ರದ ಅಂಕಿ ಇಳಿಯಲೊಲ್ಲದು. ಹೆಂಡತಿಯ ಕಣ್ಣು ತುಂಬಿತು. “ಇಷ್ಟು ಪಥ್ಯ ಮಾಡಿದ್ದೂ ನೀರಲ್ಲಿ ಹೋಮ ಆಯ್ತಲ್ಲ ರೀ. ಮಗುವಿಗೆ ಏನಾದ್ರೂ ಆದ್ರೆ?”

ಮಾಸ್ತರರು ಮೇಜಿನ ಬಳಿಗೆ ಕುರ್ಚಿ ಎಳೆದರು. ಅವಳ ಕೈ ಹಿಡಿದು ಕುಳಿತರು. ಆಗ ಮೇಜಿನ ಮೇಲೆ ಒಂದು ಇರುವೆ ಬಂತು. ಹಿಂದೆ ಅದರ ಬಳಗವೂ ಬಂತು. ಎಲ್ಲವೂ ಶಿಸ್ತಾಗಿ ಮಾಸ್ತರರ ಬೆರಳುಗಳನ್ನೇ ಹತ್ತತೊಡಗಿದವು!

ಹೆಂಡತಿ ಆ ಕೈಯನ್ನು ಬೆಳಕಿಗೆ ಹಿಡಿದಳು. ಉಗುರಿನ ಸಂದಿಯಲ್ಲಿ, ಗೆರೆಗೆರೆಯಲ್ಲಿ ಸಕ್ಕರೆ ಪುಡಿ!

“ರೀ! ಈ ಕೈಯಲ್ಲೇ ಅಲ್ವಾ ದಿನಾ ನನ್ನ ಬೆರಳು ಹಿಂಡ್ತಿದ್ದಿದ್ದು? ಯಂತ್ರ ಅಳೆದಿದ್ದು ನಿಮ್ಮ ಬೇಕರಿ ಸಕ್ಕರೇನ!”

ಎದ್ದಳು. ಸೋಪು ಹಚ್ಚಿ ಕೈ ತೊಳೆದು, ಒರೆಸಿಕೊಂಡು, ಉಸಿರು ಬಿಗಿಹಿಡಿದು, ಈ ಸಲ ತಾನೇ ಚುಚ್ಚಿಕೊಂಡಳು. ಅಂಕಿ ಒಳ್ಳೆ ಹುಡುಗಿಯಂತೆ ತನ್ನ ಜಾಗದಲ್ಲಿ ಕುಳಿತಿತ್ತು!

“ಬೇಲಿಯೇ ಎದ್ದು ಹೊಲ ಮೇಯ್ತಲ್ಲೋ!” ಎಂದು ತಾಯಿ ನಕ್ಕು ನಕ್ಕು ಗೋಡೆಗೆ ಒರಗಿದರು. ಸೇನಾಧಿಪತಿಗಳು ಬೀಗದ ಕೈಯನ್ನು ತೆಪ್ಪಗೆ ಮೇಜಿನ ಮೇಲಿಟ್ಟರು.

ಇನ್ಸುಲಿನ್ ಬೇಕಾಗಲಿಲ್ಲ. ತಿಂಗಳು ತುಂಬಿ, ಗುಂಡುಗುಂಡಾದ ಮಗಳು ಹುಟ್ಟಿದಳು. ಮಾಸ್ತರರು ಬೇಕರಿಯಿಂದ ಓಡೋಡಿ ಬಂದು ಎರಡೂ ಕೈ ಚಾಚಿದರು.

“ನಿಲ್ಲು!” ಎಂದರು ತಾಯಿ. ಹೆಂಡತಿ ಹಾಸಿಗೆಯಿಂದಲೇ ಸೋಪು ಚಾಚಿದಳು. “ಮೊದಲು ಕೈ ತೊಳ್ಕೊಳ್ಳಿ ರೀ! ಇಲ್ದಿದ್ರೆ ನಿಮಗಿಂತ ಮೊದಲು ಇರುವೆಗಳು ಇವಳನ್ನ ಎತ್ಕೊಂಡು ಹೋಗ್ತವೆ!”