ವಿಶಾಖಪಟ್ಟಣದಲ್ಲಿ ಮಿಕ್ಸೆಡ್ ಡಬಲ್ಸ್

ಬ್ಯಾಂಕಿನವರು ಆಟ ಆಡಿಸುತ್ತೇವೆ ಅಂತ ಹೊರಟಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಕೇಳಿದವರು ನಗುತ್ತಾರೆ. ನಗಲಿ. ನನಗಂತೂ ಇವತ್ತಿಗೂ ಸಿಟ್ಟು ಇಳಿದಿಲ್ಲ.

ನಾನು ತುಮಕೂರಿನವಳು. ವರ್ಗವಾಗಿ ವಿಜಯವಾಡಕ್ಕೆ ಬಂದು ಗವರ್ನರ್‌ಪೇಟೆಯ ಶಾಖೆಯಲ್ಲಿ ಆಫೀಸರ್ ಆಗಿದ್ದಾಗಿನ ಮಾತಿದು. ನಮ್ಮ ಬ್ಯಾಂಕಿನ ವಲಯ ಮಟ್ಟದ ಕ್ರೀಡಾಕೂಟ ಆ ಸಲ ವಿಶಾಖಪಟ್ಟಣದಲ್ಲಿ ಅಂತ ಸುದ್ದಿ ಬಂತು. ಕಬಡ್ಡಿ, ಕೇರಂ, ಓಟ, ಬ್ಯಾಡ್ಮಿಂಟನ್, ಎಲ್ಲ ಇತ್ತು.

ನಿಂಬೆಹಣ್ಣು

ಕಾಲೇಜಿನಲ್ಲಿ ನಾನು ಯೂನಿವರ್ಸಿಟಿ ತಂಡಕ್ಕೆ ಬ್ಯಾಡ್ಮಿಂಟನ್ ಆಡಿದವಳು. ಮದುವೆ, ಮಗು, ವರ್ಗಾವಣೆ ಅಂತ ಏನೇ ಬಂದರೂ ರ್‍ಯಾಕೆಟ್ ಬಿಟ್ಟಿರಲಿಲ್ಲ. ಮ್ಯಾನೇಜರ್ ಹತ್ತಿರ ಹೋಗಿ ನನ್ನ ಹೆಸರು ಸೇರಿಸಿ ಅಂದೆ. ಅವರು ‘ಮೇಡಂಗಾರು, ಮೇಡಂಗಾರು’ ಅಂತ ಮರ್ಯಾದೆಯಿಂದ ಕೂರಿಸಿ, ಆಗಲೇ ಸೇರಿಸಿದ್ದೇನೆ ಅಂದರು. ಖುಷಿಯಾಯಿತು. ಆಮೇಲೆ ನೋಡಿದರೆ ಸೇರಿಸಿದ್ದು ಬಾಯಲ್ಲಿ ಚಮಚ ಕಚ್ಚಿಕೊಂಡು, ಅದರ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡುವ ಸ್ಪರ್ಧೆಗೆ.

ಯಾಕೆ ಸರ್ ಅಂತ ಕೇಳಿದೆ. ಬ್ಯಾಡ್ಮಿಂಟನ್ ಅಂದರೆ ಹೆಣ್ಣುಮಕ್ಕಳಿಗೆ ಮಂಡಿ ನೋವು ಬರುತ್ತದೆ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಅಂದರು. ನನಗೆ ಮೈಯೆಲ್ಲ ಉರಿಯಿತು. ಶಾಖೆಯಲ್ಲಿ ಚೆನ್ನಾಗಿ ಆಡುವವರು ಯಾರಿದ್ದಾರೋ ಕರೆಸಿ, ಆಡಿ ತೋರಿಸುತ್ತೇನೆ ಅಂದೆ. ಚೆನ್ನಾಗಿ ಆಡುವವರು ತಾವೇ ಅಂತ ಸಂಜೆ ಕ್ಲಬ್ಬಿಗೆ ಅವರೇ ಬಂದರು. ನಾನು ಒಂದು ಶಟಲ್ ನೆಟ್ ಹತ್ತಿರ ಬೀಳಿಸಿದೆ, ಇನ್ನೊಂದನ್ನು ಹಿಂದಿನ ಗೆರೆಗೆ ಎತ್ತಿದೆ. ಹಾಗೆಯೇ ಓಡಿಸಿದೆ. ಗೇಮ್ ಮುಗಿಯುವ ಮೊದಲೇ ಮಂಡಿ ಹಿಡಿದುಕೊಂಡು ಕೂತುಬಿಟ್ಟರು.

ಮರುದಿನ ಕುಂಟುತ್ತ ಬಂದು ನನ್ನ ಹೆಸರನ್ನು ಮಿಕ್ಸೆಡ್ ಡಬಲ್ಸ್‌ಗೆ ಹಾಕಿದರು. ನಿಂಬೆಹಣ್ಣಿನ ಓಟದಲ್ಲಿ ಒಂದು ಜಾಗ ಖಾಲಿಯಾಗಿದೆ, ತಾವು ಹೋಗುತ್ತೀರಾ ಅಂತ ಅವರ ಒಳ್ಳೆಯದಕ್ಕೇ ಕೇಳಿದೆ.

ಉದ್ಘಾಟನೆ

ಮಿಕ್ಸೆಡ್ ಅಂದಮೇಲೆ ಜೋಡಿ ಬೇಕಲ್ಲ. ಆಟೋನಗರ್ ಶಾಖೆಯ ಕ್ಲರ್ಕ್ ಒಬ್ಬರು ಸಿಕ್ಕರು. ಹುಬ್ಬಳ್ಳಿಯವರು, ಆರಡಿ ಆಳು, ಬಾಗಿಲಲ್ಲಿ ನಿಂತರೆ ಹಿಂದಿನದೇನೂ ಕಾಣುವುದಿಲ್ಲ. ಕನ್ನಡ ಮಾತಾಡುವ ಜೋಡಿ ಸಿಕ್ಕಿತು ಅಂತ ನನಗೂ ಸಮಾಧಾನವೇ ಆಗಿತ್ತು.

ವಿಶಾಖಪಟ್ಟಣದಲ್ಲಿ ಉದ್ಘಾಟನೆಗೆ ದೊಡ್ಡ ಅಧಿಕಾರಿಯೊಬ್ಬರು ಬಂದಿದ್ದರು. ರಿಬ್ಬನ್ ಕತ್ತರಿಸಿ, ಸಂಪ್ರದಾಯಕ್ಕೆ ಅಂತ ಒಂದು ಶಟಲ್ ಹೊಡೆಯಬೇಕಿತ್ತು. ಈ ಕಡೆ ನಮ್ಮ ಜೋಡಿಯನ್ನು ನಿಲ್ಲಿಸಿದರು. ಅವರು ಹೊಡೆದರು, ನಾನು ಮೆಲ್ಲಗೆ ವಾಪಸ್ ಕೊಟ್ಟೆ. ಚಪ್ಪಾಳೆ ಬಿತ್ತು. ಚಪ್ಪಾಳೆ ಕೇಳಿ ಅವರಿಗೆ ಹುರುಪು ಬಂದು, ಕೋಟು ಬಿಚ್ಚಿ ಯಾರದೋ ಕೈಗೆ ಕೊಟ್ಟು ಪೂರ್ತಿ ಆಟಕ್ಕೇ ನಿಂತರು. ಅಂಪೈರ್ ಹೆದರಿ ಪಾಯಿಂಟ್ ಎಣಿಸತೊಡಗಿದರು. ನಾವು ಹೊಡೆದದ್ದೆಲ್ಲ ಔಟ್, ಅವರು ಹೊಡೆದದ್ದೆಲ್ಲ ಇನ್. ಆಡಲು ಬಂದ ತಂಡಗಳೆಲ್ಲ ಗೋಡೆಗೆ ಒರಗಿ ಕೂತವು.

“ಸೋತಬಿಡ್ರಿ ಮೇಡಂ, ಊಟಕ್ಕ ಹೊತ್ತಾತು” ಅಂದರು ನನ್ನ ಜೋಡಿದಾರರು.

ಅಷ್ಟರಲ್ಲಿ ಸಾಹೇಬರು ಒಂದು ಶಟಲ್ ಎತ್ತಿ ಕೊಟ್ಟರು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಬಾರಿಸಿದ್ದು ನೇರ ಹೋಗಿ ಅವರ ಎದೆಯ ಮೇಲಿನ ಬ್ಯಾಡ್ಜಿಗೆ ಬಡಿಯಿತು. ಮೈಗೆ ತಗುಲಿದರೆ ಪಾಯಿಂಟ್ ಹೊಡೆದವರದು, ಇದು ಮಕ್ಕಳಿಗೂ ಗೊತ್ತು. ಅಂಪೈರ್ ಒಮ್ಮೆ ಸಾಹೇಬರ ಮುಖ ನೋಡಿ, ಔಟ್ ಅಂತ ಕೂಗಿದರು. ಮುಖ್ಯ ಅತಿಥಿಗಳ ಎದೆ ಕೋರ್ಟಿನ ಲೆಕ್ಕಕ್ಕೆ ಬರುವುದಿಲ್ಲವಂತೆ.

ಬಿಡ್ರಿ ಮೇಡಂ

ನಿಜವಾದ ಪಂದ್ಯ ಶುರುವಾದ ಮೇಲೆ ತೊಂದರೆ ಬಂದದ್ದು ಎದುರಾಳಿಗಳಿಂದಲ್ಲ. ಶಟಲ್ ನನ್ನ ಕಡೆ ಬಂದರೆ ಸಾಕು, ಹಿಂದಿನಿಂದ “ಬಿಡ್ರಿ ಮೇಡಂ” ಅನ್ನುವ ದನಿ, ಅದರ ಹಿಂದೆಯೇ ಆರಡಿ ಆಳು. ನಾನು ಮದುವೆ ಮಂಟಪದ ಬಾಗಿಲಲ್ಲಿ ಪನ್ನೀರು ಎರಚುವವಳ ಹಾಗೆ ನೆಟ್ ಹತ್ತಿರ ನಿಂತಿದ್ದೆ. ಗೆದ್ದೆವು. ಕೈಕುಲುಕುವಾಗ ಎದುರಿನ ಹೆಂಗಸು, ನಿಮಗೆ ಮೈ ಹುಷಾರಿಲ್ಲವಾ ಅಂತ ಅನುಕಂಪದಿಂದ ಕೇಳಿದಳು.

ಜೋಡಿದಾರರನ್ನು ಪಕ್ಕಕ್ಕೆ ಕರೆದೆ. ಇನ್ನೊಂದು ಸಲ ನನ್ನ ಶಟಲ್‌ಗೆ ಕೈ ಹಾಕಿದರೆ ನಾನು ಕೋರ್ಟಿನಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುತ್ತೇನೆ ಅಂದೆ. ಪಾಪ, ತಪ್ಪಾಯಿತು ಅಂತ ಕೈಮುಗಿದರು. ಮುಂದಿನ ಪಂದ್ಯದಲ್ಲಿ ಮಾತು ಉಳಿಸಿಕೊಂಡರು. ಎಷ್ಟರಮಟ್ಟಿಗೆ ಅಂದರೆ, ಅವರ ಕಾಲ ಬುಡದಲ್ಲೇ ಶಟಲ್ ಬಿದ್ದರೂ ಅಲ್ಲಾಡಲಿಲ್ಲ. ಯಾಕ್ರೀ ಬಿಟ್ಟಿರಿ ಅಂತ ಕೇಳಿದೆ.

“ನಿಮ್ಮದೋ ನಂದೋ ಗೊತ್ತಾಗಲಿಲ್ರಿ ಮೇಡಂ. ಯಾಕ ಬೇಕು ಅಂತ ಬಿಟ್ಟೆ.”

ಕಪ್

ಇಷ್ಟೆಲ್ಲ ಆಗಿಯೂ ಫೈನಲ್ ಗೆದ್ದೆವು. ಕೊನೆಯ ಪಾಯಿಂಟ್ ನಾನೇ ಹೊಡೆದೆ, ಅದನ್ನು ಹೇಳಲೇಬೇಕು. ಇಷ್ಟು ವರ್ಷಗಳ ಮೇಲೆ ಒಂದು ಕಪ್ ಕೈಗೆ ಬರುತ್ತದೆ ಅಂತ ಮನೆಗೆ ಫೋನ್ ಮಾಡಿ ಹೇಳಿದೆ.

ಸಂಜೆ ಬಹುಮಾನ ಕೊಟ್ಟರು. ಗಂಡಸರ ಡಬಲ್ಸ್ ಗೆದ್ದ ಇಬ್ಬರಿಗೂ ಒಂದೊಂದು ಕಪ್. ಹೆಂಗಸರ ಡಬಲ್ಸ್‌ಗೂ ಒಂದೊಂದು. ನಮ್ಮನ್ನು ಕರೆದಾಗ ಮೈಕಿನವನು ‘ಆದರ್ಶ ದಂಪತುಲು’ ಅಂದ. ನಾನು ಬೆಚ್ಚಿಬಿದ್ದೆ. ನನ್ನ ಯಜಮಾನರು ವಿಜಯವಾಡದಲ್ಲಿ ಮಗಳನ್ನು ಪರೀಕ್ಷೆಗೆ ಓದಿಸುತ್ತ ಕೂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ನನ್ನ ಜೋಡಿದಾರರ ಮುಂದೆ ಮೈಕ್ ಹಿಡಿದು, ಮದುವೆಯಾಗಿ ಎಷ್ಟು ವರ್ಷವಾಯಿತು ಅಂತ ಕೇಳಿದ. ಆ ಮಹಾನುಭಾವರು ಪ್ರಾಮಾಣಿಕವಾಗಿ, ಹನ್ನೆರಡು ವರ್ಷ ಅಂದುಬಿಟ್ಟರು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ನಮ್ಮಿಬ್ಬರಿಗೂ ಸೇರಿ ಕೊಟ್ಟದ್ದು ಒಂದೇ ಕಪ್. ಇನ್ನೊಂದೆಲ್ಲಿ ಅಂತ ಸಂಘಟಕರನ್ನು ಕೇಳಿದೆ. ಮಿಕ್ಸೆಡ್ ಡಬಲ್ಸ್ ಅಂದರೆ ಗಂಡ ಹೆಂಡತಿ ಅಲ್ಲವಾ ಮೇಡಂಗಾರು, ಒಂದೇ ಮನೆಗೆ ಎರಡು ಕಪ್ ಯಾಕೆ ಅಂತ ಒಂದೇ ಮಾಡಿಸಿದೆವು ಅಂದರು.

ನಾನು ಕಪ್ಪಿನ ಒಂದು ಹಿಡಿಕೆ ಹಿಡಿದಿದ್ದೆ, ಜೋಡಿದಾರರು ಇನ್ನೊಂದು. ಇಬ್ಬರೂ ಬಿಡಲಿಲ್ಲ. ಆಗ ಮುಂದಿನ ಸಾಲಿನಿಂದ ಹೆಂಗಸೊಬ್ಬರು ಎದ್ದು, ಸೆರಗು ಸಿಕ್ಕಿಸಿಕೊಂಡು ವೇದಿಕೆ ಹತ್ತಿದರು. ಹುಬ್ಬಳ್ಳಿಯವರ ನಿಜವಾದ ಹೆಂಡತಿ. ಸಮುದ್ರ ನೋಡಲು ಅಂತ ಗಂಡನ ಜೊತೆ ಬಂದಿದ್ದರು. ಅವರು ಕಪ್ಪನ್ನು ನೋಡಿದರು, ಗಂಡನನ್ನು ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

“ಮೇಡಂ, ಇವರನ್ನ ಬೇಕಾದ್ರ ನೀವಾ ಇಟ್ಕೋರಿ. ಕಪ್ ನನಗ ಕೊಡ್ರಿ.”

ನಾನು ಒಪ್ಪಲಿಲ್ಲ. ಕಪ್ ನಮ್ಮ ಮನೆಯಲ್ಲಿದೆ. ಜೋಡಿದಾರರು ಅವರ ಮನೆಯಲ್ಲಿದ್ದಾರೆ.