ಕಾಕಾನ ಸಿಟ್ಟಿಗೊಂದು ಕಾಲಂ

ಬಸವಕಲ್ಯಾಣದ ನಮ್ಮ ಕಾಕಾ ಸಿಟ್ಟಿಗೇಳಲು ಕಾರಣ ಬೇಕೆಂದು ನೀವು ತಿಳಿದಿದ್ದರೆ, ನೀವಿನ್ನೂ ಅವರನ್ನು ನೋಡಿಲ್ಲ. ಬೇಸಿಗೆಯಲ್ಲಿ ಬಿಸಿಲಿದೆಯೆಂದು, ಚಳಿಯಲ್ಲಿ ಬಿಸಿಲಿಲ್ಲವೆಂದು ಬಯ್ಯುವವರು. ಅಂಥವರ ಕೈಗೆ ನನ್ನ ಸಾಫ್ಟ್‌ವೇರ್ ಸಿಕ್ಕಿತು.

ಹುಮನಾಬಾದಿನಲ್ಲಿ ಕೂತು ನಾನು ಮಾಡಿದ್ದು ಎರಡೂ ಊರುಗಳ ಸುತ್ತಮುತ್ತಲ ಕಸುಬುದಾರರ ಮೊಬೈಲ್ ಡೈರೆಕ್ಟರಿ. ಪಂಪು ರಿಪೇರಿಯವರು, ಟೇಲರುಗಳು, ಅಡುಗೆಯವರು, ಯಾರನ್ನು ಹುಡುಕಿದರೂ ನಂಬರು ಸಿಗಬೇಕು. ಮೊದಲು ತುಂಬಿ ನೋಡಲು ಕಾಕಾನಿಗೇ ಕೊಟ್ಟೆ. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಮರುದಿನವೇ ಬಸ್ಸು ಹತ್ತಿ ಬಂದರು. ಫೋನಿನಲ್ಲಿ ಬಯ್ದರೆ ಕೈ ಬೀಸುವುದು ಕಾಣುವುದಿಲ್ಲವಲ್ಲ.

"ನಮ್ಮಪ್ಪ ಇಟ್ಟ ಹೆಸರಿನ ಕಾಲು ಕಡದಿಯಲ್ಲೋ."

ನೋಡಿದರೆ ನಿಜ. ಹೆಸರು ತುಂಬುವ ಚೌಕದ ಎತ್ತರ ಸಾಲದೆ ಒತ್ತಕ್ಷರಗಳೆಲ್ಲ ತಳದಲ್ಲಿ ಮುಳುಗಿದ್ದವು. ಹೆಸರಿನ ಕೊನೆಯ 'ಅಪ್ಪ' ಬರೀ 'ಅಪ' ಆಗಿತ್ತು.

"ಕಾಕಾ, ಒಳಗ ಸರಿ ಐತ್ರಿ. ಕಾಣೂದಷ್ಟ ತಪ್ಪು."

"ಒಳಗ ಸರಿ ಇದ್ದು ಮಂದಿಗೆ ತಪ್ಪು ಕಾಣಾಂವ ನಾ ಒಬ್ಬಾಂವ ಸಾಕು. ನನ್ನ ಹೆಸರಿಗೂ ಯಾಕ ಆ ಗತಿ?"

ಚೌಕ ಎತ್ತರಿಸಿದೆ. ಫೋನ್ ನಂಬರಿನ ಚೌಕ ಅದರ ಮೇಲೇರಿ ಕೂತಿತು. ಅದನ್ನು ಕೆಳಗಿಳಿಸಿದೆ. 'ಸೇವ್' ಗುಂಡಿಯೇ ಪರದೆಯಿಂದ ಮಾಯ. ಪ್ರತಿ ಸೋಲಿಗೂ ಕಾಕಾ ಪಕ್ಕದಲ್ಲಿ ಲೊಚಗುಟ್ಟುತ್ತಿದ್ದರು. ನನಗೂ ನೆತ್ತಿಗೇರಿತು. ವಂಶದ ಸಿಟ್ಟು, ಎಲ್ಲಿ ಹೋದೀತು?

ಅಂತೂ ಸರಿಯಾಯಿತು ಎನ್ನುವಾಗ ಹುಲಸೂರಿನ ಜಗಳ ತೆಗೆದರು. ಆ ಊರು ಬೇರೆ ತಾಲ್ಲೂಕಾದ ಮೇಲೂ ನನ್ನ ಡೈರೆಕ್ಟರಿಯಲ್ಲಿ ಬಸವಕಲ್ಯಾಣದ ಕೆಳಗೇ ಇತ್ತು. ಹುಲಸೂರಿನಲ್ಲಿ ಕಾಕಾನಿಗೆ ಹೊಲವಿಲ್ಲ, ನೆಂಟರಿಲ್ಲ. ಆದರೂ ಅದನ್ನು ಬೇರೆ ಮಾಡಿಸಿಯೇ ಊಟಕ್ಕೆ ಎದ್ದರು.

ನಿಜವಾದ ಸಿಟ್ಟಿನೊಂದಿಗೆ ಬಂದದ್ದು ಮುಂದಿನ ವಾರ.

"ನಿಮ್ಮ ಕಾಕಿ ಎಲ್ಲದಾಳ ಇದರಾಗ? ರೊಟ್ಟಿ ಬಡದು ಮಾರಾಕಿ ಆಕಿ. ಇಲ್ಲಿ ನೋಡಿದ್ರ ನನ್ನ ಹೆಸರೈತಿ. ನಾ ಒಂದಿನರ ಹಿಟ್ಟ ನಾದೀನೇನು?"

ಡೈರೆಕ್ಟರಿಯ ಒಳಗಿನ ಕಟ್ಟು, ನಮ್ಮ ಮಾತಿನಲ್ಲಿ ಸ್ಕೀಮಾ, ನಿಂತದ್ದೇ ಅಂಗಡಿಯ ಮೇಲೆ. ಅಂಗಡಿ ಮೊದಲು, ಅದರ ಕೆಳಗೆ ಮನುಷ್ಯರು. ಕಾಕಿಗೆ ಅಂಗಡಿಯಿಲ್ಲ. ಹಾಗಾಗಿ ಮನೆಯನ್ನೇ ಅಂಗಡಿಯೆಂದು ಬರೆದು ಯಜಮಾನನ ಹೆಸರು ಹಾಕಿದ್ದೆ.

"ಅದನ್ನ ಬದಲಿಸಬೇಕಂದ್ರ ಬುನಾದಿನ ಕೀಳಬೇಕಾಗ್ತೈತ್ರಿ, ಕಾಕಾ."

"ಕೀಳು."

ಕುರ್ಚಿ ಎಳೆದುಕೊಂಡು ಕೂತರು. ತಂದ ಚಹಾ ಮುಟ್ಟಲಿಲ್ಲ. ನಾನು ಹಲ್ಲು ಕಡಿಯುತ್ತ, ಕೀಲಿಮಣೆಯನ್ನು ಕುಟ್ಟುತ್ತ, ಎಲ್ಲವನ್ನೂ ಬಿಚ್ಚಿ ಕಟ್ಟಿದೆ. ಈಗ ಮನುಷ್ಯರು ಮೊದಲು. ಅಂಗಡಿ ಇದ್ದರೆ ಇರಲಿ, ಇಲ್ಲದಿದ್ದರೆ ಇಲ್ಲ. ಕಾಕಿಯ ಹೆಸರು ಬಂತು. ಮನೆಗೊಂದೇ ಫೋನಾದ್ದರಿಂದ ನಂಬರು ಮಾತ್ರ ಕಾಕಾನದು.

ಕೆಲವು ದಿನಗಳ ಮೇಲೆ ನಾನು ಅವರ ಮನೆಯಲ್ಲಿದ್ದಾಗ ಫೋನು ಬಂತು. ದುಬಲಗುಂಡಿಯವರು ಯಾರೋ ರೊಟ್ಟಿ ಬೇಕೆಂದು ಕಾಕಿಯನ್ನು ಹೆಸರು ಹಿಡಿದು ಕೇಳಿದರು. "ಏ, ಇಕಾ" ಎಂದೇ ಹೆಂಡತಿಯನ್ನು ಕರೆಯುತ್ತ ಬಂದ ಕಾಕಾ ಫೋನಿಗೆ ಅಂಗೈ ಮುಚ್ಚಿಕೊಂಡು ಅಡುಗೆಮನೆಯ ಬಾಗಿಲಿಗೆ ಹೋದರು. ಅಷ್ಟು ಮೆಲ್ಲನೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಮಹಾದೇವಿ, ನಿನ್ನ ಕೇಳಾಕತ್ತಾರ."

ಕಾಕಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಫೋನಿಗೆ ಕೈ ಚಾಚಲಿಲ್ಲ. ಗಂಡನ ಮುಖವನ್ನೇ ನೋಡಿದರು.

"ಯಾರನ್ರೀ?"

ಕಾಕಾ ಮತ್ತೊಮ್ಮೆ ಹೇಳಿದರು.